ಕಾರಿನ ವಿಮಾ ಕಂತು: ಹೊಸ ಚಾಲಕರಿಗೆ ಎಷ್ಟು, ಅನುಭವಿ ಚಾಲಕರಿಗೆ ಎಷ್ಟು?

ಹುಣಸೂರಿನ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಯವರ ಕಚೇರಿಯ ವ್ಯಾಪ್ತಿಗೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳು ಒಳಪಟ್ಟಿದ್ದು, ಇಲ್ಲಿ ನೋಂದಣಿಯಾಗುವ ವಾಹನಗಳು ಕೆಎ-45 ಸಂಖ್ಯೆಯನ್ನು ಹೊಂದಿರುತ್ತವೆ. ತಂಬಾಕು ಹರಾಜಿನ ಹಣ ಕೈಸೇರಿದಾಗ, ನಾಲಾ ಬಯಲಿನಲ್ಲಿ ಭತ್ತದ ಕಟಾವು ಮುಗಿದಾಗ ಮೊದಲ ಕಾರನ್ನು ಕೊಳ್ಳುವ ಯೋಚನೆ ಮಾಡುವ ಕುಟುಂಬಗಳು ಈ ಭಾಗದಲ್ಲಿ ಸಾಕಷ್ಟಿವೆ. ಹಾಗೆ ಕೊಳ್ಳುವವರು ಮಾರಾಟ ಮಳಿಗೆಯಲ್ಲಿ ಮೊದಲು ಎದುರಿಸುವ ಗೊಂದಲ ವಿಮೆಯದು. ಚಾಲನಾ ಅನುಜ್ಞಾ ಪತ್ರ ಪಡೆದು ತಿಂಗಳೂ ಆಗದವರಿಗೆ ಕಂತು ಹೆಚ್ಚಾಗುವುದೇ, ಇಪ್ಪತ್ತು ವರ್ಷ ವಾಹನ ಓಡಿಸಿದವರಿಗೆ ಕಡಿಮೆಯಾಗುವುದೇ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ದೊರೆಯದೆ, ಕೊಟ್ಟ ಕಾಗದಕ್ಕೆ ಸಹಿ ಹಾಕಿ ಬರುವವರೇ ಅಧಿಕ. ಅಂತಹವರ ಮಾಹಿತಿಗಾಗಿ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಉತ್ತರವನ್ನು ಮೊದಲೇ ಹೇಳುವುದಾದರೆ, ಬ್ರಿಟನ್, ಅಮೆರಿಕ ಮೊದಲಾದ ದೇಶಗಳಲ್ಲಿ ಚಾಲಕನ ವಯಸ್ಸು ಮತ್ತು ಅನುಭವವನ್ನು ನೋಡಿ ವಿಮಾ ಕಂತನ್ನು ನಿಗದಿಪಡಿಸುವ ಪದ್ಧತಿ ಇದ್ದು, ಹೊಸದಾಗಿ ಚಾಲನೆ ಕಲಿತ ಯುವಕರು ಅಲ್ಲಿ ಬಹಳ ಹೆಚ್ಚಿನ ಕಂತನ್ನು ತೆರುತ್ತಾರೆ. ಭಾರತದಲ್ಲಿ ವಿಮೆಯನ್ನು ಲೆಕ್ಕ ಹಾಕುವುದು ಮುಖ್ಯವಾಗಿ ವಾಹನದ ಮೇಲೆ, ಚಾಲಕನ ಮೇಲಲ್ಲ. ಆದಾಗ್ಯೂ ಅನುಭವಿ ಮಾಲೀಕರು ಹೊಸಬರಿಗಿಂತ ಕಡಿಮೆ ಕಂತು ಕಟ್ಟುವುದನ್ನು ಎಲ್ಲರೂ ನೋಡಿರುತ್ತಾರೆ. ಈ ವ್ಯತ್ಯಾಸ ಅನುಭವದಿಂದ ಬರುವುದಲ್ಲ, ವಿಮಾ ಕಂಪನಿಯಿಂದ ಪರಿಹಾರ ಕೇಳದೆ ಕಳೆದ ವರ್ಷಗಳಿಂದ ಬರುವುದಾಗಿರುತ್ತದೆ.

ಕಡ್ಡಾಯ ವಿಮೆ: ಎಲ್ಲರಿಗೂ ಒಂದೇ ದರ

ಮೋಟಾರು ವಾಹನಗಳ ಅಧಿನಿಯಮ 1988ರ ಪ್ರಕರಣ 146ರನ್ವಯ ಮೂರನೇ ವ್ಯಕ್ತಿಯ ಅಪಾಯಕ್ಕೆ ವಿಮೆ ಇಲ್ಲದೆ ಯಾವುದೇ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸತಕ್ಕದ್ದಲ್ಲ. ಜನರ ಮಾತಿನಲ್ಲಿ 'ಥರ್ಡ್ ಪಾರ್ಟಿ' ಎನಿಸಿಕೊಂಡಿರುವುದು ಇದೇ. ಇದರ ದರವನ್ನು ಯಾವ ವಿಮಾ ಕಂಪನಿಯೂ ತನ್ನಿಚ್ಛೆಯಂತೆ ಏರಿಸಲು ಅಥವಾ ಇಳಿಸಲು ಬರುವುದಿಲ್ಲ. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದೊಂದಿಗೆ ಸಮಾಲೋಚಿಸಿ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಮಂತ್ರಾಲಯವು ಅದನ್ನು ಅಧಿಸೂಚನೆಯ ಮೂಲಕ ನಿಗದಿಪಡಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಅಧಿಸೂಚನೆಯಂತೆ ಖಾಸಗಿ ಕಾರುಗಳಿಗೆ ವಾರ್ಷಿಕ ದರವು 1000 ಸಿ.ಸಿ.ವರೆಗೆ ರೂ. 2,094, 1000ದಿಂದ 1500 ಸಿ.ಸಿ.ವರೆಗೆ ರೂ. 3,416, 1500 ಸಿ.ಸಿ.ಗೆ ಮೇಲ್ಪಟ್ಟು ರೂ. 7,897 ಎಂದು ಗೊತ್ತುಪಡಿಸಲಾಯಿತು. ದರಗಳು ಆಗಾಗ್ಗೆ ಪರಿಷ್ಕರಣೆಗೆ ಒಳಪಡುವುದರಿಂದ, ಹಣ ಪಾವತಿಸುವ ದಿನದಂದು ಚಾಲ್ತಿಯಲ್ಲಿರುವ ದರವನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದ ಮೇರೆಗೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ 3 ವರ್ಷಗಳ, ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷಗಳ ಮೂರನೇ ವ್ಯಕ್ತಿ ವಿಮೆಯನ್ನು ಒಂದೇ ಬಾರಿಗೆ ಪಡೆಯಬೇಕಾಗಿರುತ್ತದೆ. 2022ರ ಅಧಿಸೂಚನೆಯಲ್ಲಿ ಕಾರುಗಳಿಗೆ ಈ 3 ವರ್ಷಗಳ ಮೊತ್ತ ಕ್ರಮವಾಗಿ ರೂ. 6,521, ರೂ. 10,640 ಹಾಗೂ ರೂ. 24,596 ಆಗಿತ್ತು. ಮೊದಲ ಕಾರು ಕೊಳ್ಳುವವರಿಗೆ ವಿಮೆಯ ಬಿಲ್ಲು ದೊಡ್ಡದಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಇದು ಹೊಸ ಚಾಲಕನಿಗೆ ವಿಧಿಸಿದ ಹೆಚ್ಚುವರಿ ಅಲ್ಲ, ಮೂರು ವರ್ಷಗಳ ಹಣವನ್ನು ಮುಂಗಡವಾಗಿ ಪಡೆದದ್ದು ಮಾತ್ರ.

ಈ ವಿಮೆಯಲ್ಲಿ ಅನುಭವಕ್ಕೆ ರಿಯಾಯಿತಿಯೂ ಇಲ್ಲ, ಹೊಸತನಕ್ಕೆ ದಂಡವೂ ಇಲ್ಲ. ಹುಣಸೂರಿನ ಹತ್ತೊಂಬತ್ತರ ತರುಣನೂ ಕೃಷ್ಣರಾಜನಗರದ ಅರವತ್ತರ ನಿವೃತ್ತ ಶಿಕ್ಷಕರೂ ಒಂದೇ ಸಾಮರ್ಥ್ಯದ ಎಂಜಿನ್ನಿಗೆ ಒಂದೇ ಮೊತ್ತವನ್ನು ಕಟ್ಟುತ್ತಾರೆ.

ಸ್ವಂತ ವಾಹನದ ಹಾನಿಗೆ ವಿಮೆ: ವ್ಯತ್ಯಾಸ ಹುಟ್ಟುವುದು ಇಲ್ಲಿ

ಅಪಘಾತ, ಬೆಂಕಿ, ಕಳವು, ಪ್ರವಾಹ ಮುಂತಾದವುಗಳಿಂದ ಸ್ವಂತ ಕಾರಿಗೆ ಆಗುವ ನಷ್ಟಕ್ಕೆ ಪಡೆಯುವ ವಿಮೆಯು ಕಾನೂನಿನಂತೆ ಕಡ್ಡಾಯವಲ್ಲ. ಕಡ್ಡಾಯ ವಿಮೆಯೊಂದಿಗೆ ಇದನ್ನೂ ಸೇರಿಸಿ ಪಡೆದಾಗ ಅದು ಸಮಗ್ರ ವಿಮೆ ಎನಿಸುತ್ತದೆ. ಇದರ ಕಂತನ್ನು ವಾಹನದ ಘೋಷಿತ ಮೌಲ್ಯದ, ಅಂದರೆ ಐಡಿವಿಯ, ಶೇಕಡಾವಾರು ಲೆಕ್ಕದಲ್ಲಿ ಹಾಕಲಾಗುತ್ತದೆ. ತಯಾರಕರ ಮಾರಾಟ ದರದಿಂದ ಸವಕಳಿಯನ್ನು ಕಳೆದರೆ ಈ ಮೌಲ್ಯ ದೊರೆಯುತ್ತದೆ. ಆರು ತಿಂಗಳೊಳಗಿನ ಕಾರಿಗೆ ಶೇ. 5, ಒಂದು ವರ್ಷದೊಳಗೆ ಶೇ. 15, ಎರಡು ವರ್ಷದೊಳಗೆ ಶೇ. 20, ಬಳಿಕ ವರ್ಷಕ್ಕೆ ಶೇ. 10ರಂತೆ ಏರುತ್ತಾ ಐದನೇ ವರ್ಷದಲ್ಲಿ ಶೇ. 50 ಸವಕಳಿಯನ್ನು ಪರಿಗಣಿಸುವುದು ರೂಢಿ. ಅದಕ್ಕೂ ಹಳೆಯ ಕಾರಿನ ಮೌಲ್ಯವನ್ನು ಕಂಪನಿ ಮತ್ತು ಮಾಲೀಕರು ಒಪ್ಪಿ ನಿಗದಿಪಡಿಸಿಕೊಳ್ಳಬೇಕು. ಕಂತು ಕಡಿಮೆಯಾಗಲೆಂದು ಮೌಲ್ಯವನ್ನು ತೀರಾ ತಗ್ಗಿಸಿ ಬರೆಸುವವರಿದ್ದಾರೆ. ಕಾರು ಕಳವಾದ ದಿನ ದೊರೆಯುವುದೂ ಆ ತಗ್ಗಿದ ಮೊತ್ತವೇ ಎಂಬುದನ್ನು ಅವರು ಗಮನಿಸಿರುವುದಿಲ್ಲ.

2002ರ ಜುಲೈ 1ರಿಂದ ಜಾರಿಯಲ್ಲಿದ್ದ ಅಖಿಲ ಭಾರತ ಮೋಟಾರು ಟ್ಯಾರಿಫ್‌ನಲ್ಲಿ ಈ ಶೇಕಡಾವಾರು ದರವು ಎಂಜಿನ್ ಸಾಮರ್ಥ್ಯ, ವಾಹನದ ವಯಸ್ಸು ಹಾಗೂ ನೋಂದಣಿಯಾದ ವಲಯ ಈ ಮೂರನ್ನು ಮಾತ್ರ ಅವಲಂಬಿಸಿತ್ತು. ಬೆಂಗಳೂರು ಸೇರಿದಂತೆ ಎಂಟು ಮಹಾನಗರಗಳು 'ಎ' ವಲಯವಾಗಿದ್ದು, ಮೈಸೂರು ಜಿಲ್ಲೆಯೂ ಸೇರಿ ದೇಶದ ಉಳಿದೆಲ್ಲ ಭಾಗ 'ಬಿ' ವಲಯವಾಗಿತ್ತು. ಐದು ವರ್ಷದೊಳಗಿನ, 1000ದಿಂದ 1500 ಸಿ.ಸಿ. ಸಾಮರ್ಥ್ಯದ ಕಾರಿಗೆ 'ಎ' ವಲಯದಲ್ಲಿ ಶೇ. 3.283, 'ಬಿ' ವಲಯದಲ್ಲಿ ಶೇ. 3.191 ದರವಿತ್ತು. ರೂ. 6,00,000 ಮೌಲ್ಯದ ಕಾರಿಗೆ ಇದು ಕೇವಲ ರೂ. 552ರ ಅಂತರ. ಹಳ್ಳಿಗಾಡಿನ ಕಾರಿಗೆ ವಿಮೆ ಬಹಳ ಅಗ್ಗ ಎಂಬ ನಂಬಿಕೆಗೆ ಇದಕ್ಕಿಂತ ಹೆಚ್ಚಿನ ಆಧಾರ ಆ ಪಟ್ಟಿಯಲ್ಲಿರಲಿಲ್ಲ. 2007ರ ಜನವರಿ 1ರಿಂದ ಕಂಪನಿಗಳಿಗೆ ಸ್ವಂತ ಹಾನಿಯ ದರವನ್ನು ತಾವೇ ನಿಗದಿಪಡಿಸುವ ಸ್ವಾತಂತ್ರ್ಯ ದೊರೆತಿದ್ದು, ಪೈಪೋಟಿಯಿಂದ ರಿಯಾಯಿತಿ ನೀಡುವುದು ಸಾಮಾನ್ಯವಾಗಿದೆ. ಆದುದರಿಂದ ಒಂದೇ ಕಾರಿಗೆ ಕನಿಷ್ಠ ಮೂರು ಕಂಪನಿಗಳ ದರಗಳನ್ನು ಹೋಲಿಸಿ ನೋಡುವುದು ಸೂಕ್ತ. ಮಾರಾಟ ಮಳಿಗೆಯವರು ಸೂಚಿಸಿದ ಕಂಪನಿಯಲ್ಲಿಯೇ ವಿಮೆ ಪಡೆಯಬೇಕೆಂಬ ಕಡ್ಡಾಯವಿಲ್ಲ.

ನೋ ಕ್ಲೇಮ್ ಬೋನಸ್

ಪರಿಹಾರ ಕೋರದೆ ಕಳೆದ ಒಂದು ವರ್ಷಕ್ಕೆ ಸ್ವಂತ ಹಾನಿಯ ಕಂತಿನಲ್ಲಿ ಶೇ. 20, ಸತತ ಎರಡು ವರ್ಷಕ್ಕೆ ಶೇ. 25, ಮೂರಕ್ಕೆ ಶೇ. 35, ನಾಲ್ಕಕ್ಕೆ ಶೇ. 45, ಐದು ವರ್ಷಕ್ಕೆ ಶೇ. 50 ರಿಯಾಯಿತಿ ದೊರೆಯುತ್ತದೆ. ಮೂರನೇ ವ್ಯಕ್ತಿ ವಿಮೆಯ ಕಂತಿಗೆ ಇದು ಅನ್ವಯಿಸುವುದಿಲ್ಲ.

ಒಂದು ಲೆಕ್ಕವನ್ನು ನೋಡಬಹುದು. ಒಂದೇ ದಿನ ಇಬ್ಬರು ರೂ. 6,00,000 ಘೋಷಿತ ಮೌಲ್ಯದ, 1200 ಸಿ.ಸಿ. ಆಸುಪಾಸಿನ ಹೊಸ ಕಾರುಗಳನ್ನು ಕೊಳ್ಳುತ್ತಾರೆ ಎಂದಿಟ್ಟುಕೊಳ್ಳೋಣ. ಒಬ್ಬರಿಗೆ ಇದು ಜೀವನದ ಮೊದಲ ಕಾರು. ಇನ್ನೊಬ್ಬರು ಐದು ವರ್ಷಗಳಿಂದ ಪರಿಹಾರ ಪಡೆಯದಿದ್ದ ಹಳೆಯ ಕಾರನ್ನು ಮಾರಿ ಹೊಸದನ್ನು ಕೊಂಡವರು. ಹಿಂದಿನ ಟ್ಯಾರಿಫ್ ದರವನ್ನೇ ಮಾದರಿಯಾಗಿ ಇಟ್ಟುಕೊಂಡರೆ ಸ್ವಂತ ಹಾನಿಯ ಕಂತು ರೂ. 19,146. ಮೊದಲನೆಯವರು ಇದನ್ನು ಪೂರ್ತಿ ಕಟ್ಟಬೇಕು. ಎರಡನೆಯವರು ಅರ್ಧ, ಅಂದರೆ ರೂ. 9,573 ಕಟ್ಟಿದರೆ ಸಾಕು. ಮೂರು ವರ್ಷಗಳ ಮೂರನೇ ವ್ಯಕ್ತಿ ವಿಮೆ ರೂ. 10,640 ಇಬ್ಬರಿಗೂ ಸಮಾನ. ಶೇ. 18ರ ಸರಕು ಮತ್ತು ಸೇವಾ ತೆರಿಗೆ ಸೇರಿ ಮೊದಲನೆಯವರಿಗೆ ಸುಮಾರು ರೂ. 35,147, ಎರಡನೆಯವರಿಗೆ ಸುಮಾರು ರೂ. 23,851 ಆಗುತ್ತದೆ. ವ್ಯತ್ಯಾಸ ರೂ. 11,296. ಕಂಪನಿಗಳು ನೀಡುವ ರಿಯಾಯಿತಿಯನ್ನು ಕಳೆದಾಗ ಎರಡೂ ಮೊತ್ತಗಳು ಇಳಿಯುವವಾದರೂ ಅಂತರದ ಸ್ವರೂಪ ಇದೇ ಆಗಿರುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ಎರಡನೆಯವರು ಉತ್ತಮ ಚಾಲಕರೆಂದು ಇಲ್ಲಿ ಯಾರೂ ಪರೀಕ್ಷಿಸಿರುವುದಿಲ್ಲ. ಐದು ವರ್ಷ ಕಾರನ್ನು ಕೊಟ್ಟಿಗೆಯ ಪಕ್ಕ ನಿಲ್ಲಿಸಿಟ್ಟವರಿಗೂ ಇದೇ ರಿಯಾಯಿತಿ. ಹದಿನೈದು ವರ್ಷ ಬಾಡಿಗೆ ಟೆಂಪೋವನ್ನು ಅಪಘಾತವಿಲ್ಲದೆ ಓಡಿಸಿದ ಚಾಲಕನು ತನ್ನ ಹೆಸರಿಗೆ ಮೊದಲ ಕಾರು ಕೊಂಡಾಗ ವಿಮೆಯ ದೃಷ್ಟಿಯಲ್ಲಿ ಆತ ಹೊಸಬನೇ. ಇದು ನ್ಯಾಯವೆನಿಸದಿದ್ದರೂ ಸದ್ಯದ ಪದ್ಧತಿ ಹೀಗಿದೆ. 2022ರ ಜುಲೈನಲ್ಲಿ ವಿಮಾ ಪ್ರಾಧಿಕಾರವು ಓಡಿಸಿದ ದೂರ ಹಾಗೂ ಓಡಿಸುವ ರೀತಿಯನ್ನು ಆಧರಿಸಿ ಸ್ವಂತ ಹಾನಿಯ ಕಂತನ್ನು ನಿಗದಿಪಡಿಸುವ ಐಚ್ಛಿಕ ಸೌಲಭ್ಯಗಳಿಗೆ ಅವಕಾಶ ನೀಡಿದ್ದು, ವರ್ಷದಲ್ಲಿ ಕಡಿಮೆ ದೂರ ಓಡಿಸುವ ಕುಟುಂಬಗಳು ಇದನ್ನು ವಿಚಾರಿಸಿ ನೋಡಬಹುದು.

ಈ ಬೋನಸ್ ವಾಹನಕ್ಕೆ ಸೇರಿದ್ದಲ್ಲ, ವಿಮೆದಾರರಿಗೆ ಸೇರಿದ್ದು. ಹಳೆಯ ಕಾರನ್ನು ಮಾರಿದವರು ಕಂಪನಿಯಿಂದ ಬೋನಸ್ ಪ್ರಮಾಣ ಪತ್ರವನ್ನು ಪಡೆದುಕೊಂಡಲ್ಲಿ ಮೂರು ವರ್ಷದೊಳಗೆ ಕೊಳ್ಳುವ ಕಾರಿಗೆ ಅದನ್ನು ಬಳಸಬಹುದು. ಆದರೆ ವಿಮೆಯ ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದಲ್ಲಿ ಐದು ವರ್ಷದ ಗಳಿಕೆಯೂ ಶೂನ್ಯವಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಇಲ್ಲಿಯೇ ಮೋಸ ಹೋಗುವುದು. ಶೇ. 50 ಬೋನಸ್ ಇರುವ ವಿಮೆ ಇದೆ ಎಂದು ಮಧ್ಯವರ್ತಿಯು ಹೇಳಿದಾಗ ಆ ಬೋನಸ್ ತಮಗೂ ಬರುವುದೆಂದು ಅವರು ಭಾವಿಸುತ್ತಾರೆ. ವಾಹನ ವರ್ಗಾವಣೆಯಾದಾಗ ಬೋನಸ್ ಹಿಂದಿನ ಮಾಲೀಕರಲ್ಲಿಯೇ ಉಳಿಯುತ್ತದೆ. ಉಳಿದ ಅವಧಿಗೆ ಸಂಬಂಧಿಸಿದ ವ್ಯತ್ಯಾಸದ ಹಣವನ್ನು ಕೊಂಡವರು ಕಟ್ಟಿಕೊಡಬೇಕಾಗುತ್ತದೆ. ವರ್ಗಾವಣೆಯಾದ 14 ದಿನಗಳೊಳಗೆ ಕಂಪನಿಗೆ ಅರ್ಜಿ ಸಲ್ಲಿಸಿ ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳತಕ್ಕದ್ದು. ಹಾಗೆ ಮಾಡದಿದ್ದರೆ ಕಾರು ಢಿಕ್ಕಿಯಾದಾಗ ಮೂರನೇ ವ್ಯಕ್ತಿಗೆ ಪರಿಹಾರ ದೊರೆಯಬಹುದೇ ಹೊರತು, ಸ್ವಂತ ಕಾರಿನ ರಿಪೇರಿಗೆ ಹಣ ದೊರೆಯುವುದು ಕಷ್ಟ.

ಸಣ್ಣ ಹಾನಿಗೆ ಪರಿಹಾರ ಕೋರುವ ಮುನ್ನ ಲೆಕ್ಕ ಹಾಕಬೇಕು. ಬಂಪರ್ ಒಡೆದು ಬಿಡಿಭಾಗಕ್ಕೆ ರೂ. 4,000, ಕೂಲಿಗೆ ರೂ. 1,500 ತಗುಲಿತೆನ್ನೋಣ. ಪ್ಲಾಸ್ಟಿಕ್ ಭಾಗಕ್ಕೆ ಶೇ. 50 ಸವಕಳಿ ಕಳೆದು ರೂ. 2,000, ಕೂಲಿ ಸೇರಿ ರೂ. 3,500. ಅದರಲ್ಲಿ 1500 ಸಿ.ಸಿ.ವರೆಗಿನ ಕಾರಿಗೆ ಕಡ್ಡಾಯ ಕಡಿತ ರೂ. 1,000 ಹೋಗಿ ಕೈಗೆ ಬರುವುದು ರೂ. 2,500. ಮುಂದಿನ ವರ್ಷ ಶೇ. 50 ಬೋನಸ್ಸಿಗೆ ಅರ್ಹರಾಗಲಿದ್ದ ಇವರ ಸ್ವಂತ ಹಾನಿಯ ಕಂತು ರೂ. 12,000 ಆಗಿದ್ದಲ್ಲಿ, ಕಳೆದುಕೊಳ್ಳುವುದು ಆ ಒಂದೇ ವರ್ಷದಲ್ಲಿ ರೂ. 6,000. ಅದರ ಮರುವರ್ಷ ಶೇ. 20ರಿಂದ ಮತ್ತೆ ಆರಂಭ. ಇಂತಹ ರಿಪೇರಿಯನ್ನು ಸ್ವಂತ ಹಣದಲ್ಲಿ ಮಾಡಿಸಿಕೊಳ್ಳುವುದೇ ಲಾಭದಾಯಕ.

ತಂದೆಯ ಹೆಸರಿನ ಕಾರನ್ನು ಮಗ ಅಥವಾ ಮಗಳು ಓಡಿಸುವುದು ಈ ಭಾಗದಲ್ಲಿ ಸಾಮಾನ್ಯ. ಮಾಲೀಕರ ಒಪ್ಪಿಗೆಯಿಂದ ಓಡಿಸುವ, ಸೂಕ್ತ ಅನುಜ್ಞಾ ಪತ್ರವುಳ್ಳ ಯಾವುದೇ ವ್ಯಕ್ತಿಗೂ ವಿಮೆಯ ರಕ್ಷಣೆ ಅನ್ವಯಿಸುವುದರಿಂದ ಇದರಲ್ಲಿ ತಪ್ಪಿಲ್ಲ, ತಂದೆಯ ಬೋನಸ್ಸಿನ ಪ್ರಯೋಜನವೂ ದೊರೆಯುತ್ತದೆ. ಆದರೆ ರೂ. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯು ಅನುಜ್ಞಾ ಪತ್ರ ಹೊಂದಿರುವ ಮಾಲೀಕ-ಚಾಲಕರಿಗೆ ಮಾತ್ರ ಸೀಮಿತ. ಓಡಿಸುವ ಮಕ್ಕಳಿಗೆ ಪ್ರತ್ಯೇಕ ರಕ್ಷಣೆಯನ್ನು ಹೆಚ್ಚುವರಿ ಕಂತು ಕಟ್ಟಿ ಪಡೆಯಬೇಕು.

ಕಡಿಮೆ ಕಂತಿನ ನಿಜವಾದ ಬೆಲೆ

ಮೊದಲ ಕಾರಿನ ಸಾಲದ ಕಂತೂ ವಿಮೆಯ ಕಂತೂ ಒಟ್ಟಿಗೆ ಬಂದಾಗ, ಮೂರನೇ ವ್ಯಕ್ತಿ ವಿಮೆ ಒಂದಿದ್ದರೆ ಪೊಲೀಸರು ಹಿಡಿಯುವುದಿಲ್ಲವೆಂದು ಅಷ್ಟಕ್ಕೇ ತೃಪ್ತರಾಗುವವರು ಹಲವರು. ಹಳೆಯ ಕಾರಿನ ವಿಷಯದಲ್ಲಂತೂ ಇದೇ ರೂಢಿ. ಇದರಿಂದಾಗುವ ನಷ್ಟ ವಾಹನದ್ದು ಮಾತ್ರವಲ್ಲ.

ಉದಾಹರಣೆಗೆ, ಪಿರಿಯಾಪಟ್ಟಣದ ಕಡೆಯ ಹಳ್ಳಿಯಿಂದ ಒಬ್ಬ ಹೊಸ ಚಾಲಕನು ತಾಯಿಯನ್ನೂ ನೆರೆಮನೆಯ ಇಬ್ಬರನ್ನೂ ಕೂರಿಸಿಕೊಂಡು ಮೈಸೂರಿನ ಆಸ್ಪತ್ರೆಗೆ ಹೊರಟಿದ್ದಾನೆ ಎಂದು ಭಾವಿಸೋಣ. ದಾರಿಯಲ್ಲಿ ಕಾರು ಹಿಡಿತ ತಪ್ಪಿ ಪಾದಚಾರಿಯೊಬ್ಬರಿಗೆ ತಗುಲಿ ಮರಕ್ಕೆ ಬಡಿಯುತ್ತದೆ. ಮೂರನೇ ವ್ಯಕ್ತಿ ವಿಮೆ ಮಾತ್ರ ಇದ್ದಲ್ಲಿ ಪಾದಚಾರಿಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ನಿಗದಿಪಡಿಸುವ ಪರಿಹಾರವನ್ನು ಕಂಪನಿ ಭರಿಸುತ್ತದೆ. ಕಾರಿನೊಳಗೆ ಉಚಿತವಾಗಿ ಪ್ರಯಾಣಿಸುತ್ತಿದ್ದ ತಾಯಿ ಹಾಗೂ ನೆರೆಯವರು ಆ ವಿಮೆಯ ವ್ಯಾಪ್ತಿಗೆ ಬರುವುದಿಲ್ಲ. ಅವರು ಹೂಡಬಹುದಾದ ದಾವೆಯ ಹೊಣೆ ಕಾರಿನ ಮಾಲೀಕನದೇ ಆಗಿ, ಜಮೀನಿನವರೆಗೂ ಬರಬಹುದು. ಸಮಗ್ರ ವಿಮೆ ಇದ್ದಲ್ಲಿ ಖಾಸಗಿ ಕಾರಿನ ಪ್ರಯಾಣಿಕರೂ ಅದರ ವ್ಯಾಪ್ತಿಗೆ ಬರುತ್ತಾರೆಂದು ವಿಮಾ ಪ್ರಾಧಿಕಾರವು 2009ರ ನವೆಂಬರ್ 16ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ನೆರೆಯವರನ್ನು ಕಾರಿನಲ್ಲಿ ಕರೆದೊಯ್ಯುವುದು ಹಳ್ಳಿಯ ಸೌಜನ್ಯ. ಆ ಸೌಜನ್ಯ ತೋರುವವರಿಗೆ ಸಮಗ್ರ ವಿಮೆಯ ಅಗತ್ಯ ಹೆಚ್ಚು.

ಈ ನಾಲ್ಕು ತಾಲ್ಲೂಕುಗಳ ರಸ್ತೆಗಳಿಗೆ ತಮ್ಮದೇ ಆದ ಅಪಾಯಗಳೂ ಇವೆ. ಮಡಿಕೇರಿಗೆ ಹೋಗುವ ಹೆದ್ದಾರಿಯ ವಾಹನ ದಟ್ಟಣೆ ಹುಣಸೂರು, ಪಿರಿಯಾಪಟ್ಟಣಗಳ ಮೂಲಕವೇ ಸಾಗುತ್ತದೆ. ನಾಗರಹೊಳೆ ಅರಣ್ಯದ ಅಂಚಿನಲ್ಲಿ ಆನೆ, ಜಿಂಕೆ, ಕಾಡುಹಂದಿಗಳು ರಸ್ತೆಗಿಳಿಯುತ್ತವೆ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಡಾಂಬರು ರಸ್ತೆಯ ಮೇಲೆಯೇ ಹರಡಿ ಒಕ್ಕಣೆ ಮಾಡುವ ಪದ್ಧತಿ ಇನ್ನೂ ನಿಂತಿಲ್ಲ. ಹೊಸ ಚಾಲಕರು ಹುಲ್ಲಿನ ಮೇಲೆ ಬ್ರೇಕ್ ಒತ್ತಿದಾಗ ಕಾರು ಜಾರುತ್ತದೆ. ಒಣಸೊಪ್ಪು ಕಾರಿನ ತಳಭಾಗಕ್ಕೆ ಸಿಲುಕಿ ಬಿಸಿಗೆ ಹೊತ್ತಿಕೊಳ್ಳುವ ಸಂಭವವೂ ಉಂಟು. ಪ್ರಾಣಿಗೆ ಢಿಕ್ಕಿ, ಜಾರಿಕೆ, ಬೆಂಕಿ ಇವುಗಳಿಂದ ಕಾರಿಗಾಗುವ ಹಾನಿಗೆ ಮೂರನೇ ವ್ಯಕ್ತಿ ವಿಮೆಯಿಂದ ಒಂದು ರೂಪಾಯಿಯೂ ದೊರೆಯುವುದಿಲ್ಲ.

ಕಲಿಯುವವರ ವಿಷಯ

ಕಲಿಕಾ ಅನುಜ್ಞಾ ಪತ್ರ, ಅಂದರೆ ಎಲ್.ಎಲ್.ಆರ್., ಹೊಂದಿದವರು ಓಡಿಸುವಾಗ ವಿಮೆ ಅನ್ವಯಿಸುವುದೇ ಎಂಬ ಸಂದೇಹ ಅನೇಕರಲ್ಲಿದೆ. ಕೇಂದ್ರ ಮೋಟಾರು ವಾಹನಗಳ ನಿಯಮಗಳು 1989ರ ನಿಯಮ 3ನ್ನು ಪಾಲಿಸಿದ್ದಲ್ಲಿ ಅನ್ವಯಿಸುತ್ತದೆ. ಪಕ್ಕದಲ್ಲಿ ಅನುಜ್ಞಾ ಪತ್ರವುಳ್ಳ ಬೋಧಕರು ವಾಹನವನ್ನು ನಿಯಂತ್ರಿಸಲು ಅಥವಾ ನಿಲ್ಲಿಸಲು ಸಾಧ್ಯವಾಗುವಂತೆ ಕುಳಿತಿರಬೇಕು. ವಾಹನದ ಮುಂದೆ ಮತ್ತು ಹಿಂದೆ ಬಿಳಿಯ ಹಿನ್ನೆಲೆಯಲ್ಲಿ ಕೆಂಪು 'ಎಲ್' ಫಲಕವಿರಬೇಕು. ಕಲಿಕಾ ಪತ್ರದ ಅವಧಿ 6 ತಿಂಗಳು. ಅದನ್ನು ಪಡೆದ 30 ದಿನಗಳ ನಂತರ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ಎಲ್.ಎಲ್.ಆರ್. ಇದೆಯೆಂದು ಒಬ್ಬರೇ ಕಾರು ತೆಗೆದುಕೊಂಡು ಸಂತೆಗೆ ಹೋಗುವುದು ನಿಯಮಬಾಹಿರವಾಗಿದ್ದು, ಆಗ ಸಂಭವಿಸುವ ಹಾನಿಗೆ ಕಂಪನಿ ಪರಿಹಾರ ನಿರಾಕರಿಸಬಹುದು.

ಅನುಜ್ಞಾ ಪತ್ರವಿಲ್ಲದವರ ಕೈಗೆ ಕಾರು ಕೊಟ್ಟಲ್ಲಿ ಪರಿಣಾಮ ಇನ್ನೂ ಗಂಭೀರ. ಸರ್ವೋಚ್ಚ ನ್ಯಾಯಾಲಯವು 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ವಿವರಿಸಿದಂತೆ, ಇಂತಹ ಸಂದರ್ಭಗಳಲ್ಲಿ ಗಾಯಾಳುವಿಗೆ ಕಂಪನಿಯು ಮೊದಲು ಹಣ ನೀಡಿ, ನಂತರ ಅದನ್ನು ಮಾಲೀಕರಿಂದ ವಸೂಲು ಮಾಡುವಂತೆ ಆದೇಶವಾಗಬಹುದು. ಅಪ್ರಾಪ್ತ ವಯಸ್ಕರು ಓಡಿಸಿ ಅಪರಾಧವೆಸಗಿದಲ್ಲಿ ಪ್ರಕರಣ 199ಎ ಪ್ರಕಾರ ಪೋಷಕರು ಅಥವಾ ಮಾಲೀಕರಿಗೆ ಮೂರು ವರ್ಷಗಳವರೆಗೆ ಕಾರಾವಾಸ ಹಾಗೂ ರೂ. 25,000 ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಆ ಬಾಲಕನಿಗೆ 25 ವರ್ಷ ತುಂಬುವವರೆಗೆ ಅನುಜ್ಞಾ ಪತ್ರವಿಲ್ಲ. ವಿಮೆಯೇ ಇಲ್ಲದ ವಾಹನ ಓಡಿಸಿದರೆ ಪ್ರಕರಣ 196ರಡಿ ಮೊದಲ ಬಾರಿಗೆ ಮೂರು ತಿಂಗಳವರೆಗೆ ಕಾರಾವಾಸ ಅಥವಾ ರೂ. 2,000 ದಂಡ ಅಥವಾ ಎರಡೂ, ಪುನರಾವರ್ತನೆಯಾದಲ್ಲಿ ದಂಡ ರೂ. 4,000.

ಬಿಳಿ ಫಲಕದ ಸ್ವಂತ ಕಾರನ್ನು ಕಬಿನಿ, ನಾಗರಹೊಳೆಯ ಪ್ರವಾಸಿಗರಿಗೆ ಬಾಡಿಗೆಗೆ ಓಡಿಸುವುದೂ ವಿಮೆಯ ಷರತ್ತಿನ ಉಲ್ಲಂಘನೆಯಾಗಿರುತ್ತದೆ. ಖಾಸಗಿ ಕಾರಿನ ಕಂತು ಬಾಡಿಗೆ ವಾಹನದ ಅಪಾಯವನ್ನು ಲೆಕ್ಕಕ್ಕೆ ತೆಗೆದುಕೊಂಡು ನಿಗದಿಯಾದದ್ದಲ್ಲ.

ವಿಮಾ ಪತ್ರವನ್ನು ಪಡೆದ ಕೂಡಲೇ ಎಂಜಿನ್ ಸಂಖ್ಯೆ, ಛಾಸಿ ಸಂಖ್ಯೆ, ಮಾಲೀಕರ ಹೆಸರು, ಘೋಷಿತ ಮೌಲ್ಯ ಹಾಗೂ ನಮೂದಿಸಿದ ಬೋನಸ್ ಸರಿಯಾಗಿವೆಯೇ ಎಂದು ನೋಂದಣಿ ಪತ್ರದೊಂದಿಗೆ ತಾಳೆ ನೋಡತಕ್ಕದ್ದು. ಅರ್ಹತೆ ಇಲ್ಲದ ಬೋನಸ್ಸನ್ನು ಏಜೆಂಟರು ಕಂತು ತಗ್ಗಿಸುವ ಸಲುವಾಗಿ ನಮೂದಿಸಿದ್ದಲ್ಲಿ, ಪರಿಹಾರ ಕೋರಿದಾಗ ಹೊಣೆ ಸಹಿ ಹಾಕಿದ ಮಾಲೀಕರ ಮೇಲೆಯೇ ಬರುತ್ತದೆ. ಚೆಕ್ ಮೂಲಕ ಪಾವತಿಸಿದವರು ಅದು ನಗದಾಗಿರುವುದನ್ನು ನೋಡಿಕೊಳ್ಳಬೇಕು. ಎಂ-ಪರಿವಾಹನ್ ಆ್ಯಪ್‌ನಲ್ಲಿ ವಾಹನದ ಸಂಖ್ಯೆಯನ್ನು ನಮೂದಿಸಿ ವಿಮೆಯ ಚಾಲ್ತಿ ದಿನಾಂಕವನ್ನು ಪರಿಶೀಲಿಸಬಹುದು. ಪರಿಹಾರ ಅಥವಾ ಬೋನಸ್ ಕುರಿತು ತಕರಾರಿದ್ದಲ್ಲಿ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ನೀಡಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಯಾವುದೇ ಶುಲ್ಕವಿಲ್ಲದೆ ದೂರು ಸಲ್ಲಿಸಲು ಅವಕಾಶವಿದೆ. ವಿಮಾ ಪ್ರಾಧಿಕಾರದ ಸಹಾಯವಾಣಿ ಸಂಖ್ಯೆ 155255.